ಖಾಕಿಗೂ ಖಾದಿಗೂ ನಡುವಿನ ಎಂಟು ದಿನ

ನಮಸ್ಕಾರ.

ಅಸೀಮ್ ಅರುಣ್ ಕುರಿತ ನಿಮ್ಮ ಲೇಖನ ಓದಿದೆ. ಉತ್ತರ ಪ್ರದೇಶದ ಕಾನ್ಪುರದ ಮೊದಲ ಪೊಲೀಸ್ ಕಮಿಷನರ್ ಆಗಿದ್ದ ಅವರು ಕನೌಜ್‌ನ ಶಾಸಕರಾದದ್ದನ್ನು ಕನ್ನಡದಲ್ಲಿ ಬರೆಯಬೇಕು ಅನ್ನಿಸಿದ್ದೇ ಸಂತೋಷ. 2017ರ ಮಾರ್ಚ್‌ನಲ್ಲಿ ಲಖನೌದ ಠಾಕೂರ್‌ಗಂಜ್‌ನಲ್ಲಿ ಭಯೋತ್ಪಾದನಾ ನಿಗ್ರಹ ದಳ (ಎಟಿಎಸ್) ಒಂದು ಮನೆಯನ್ನು ಸುತ್ತುವರಿದ ಭಾಗ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಇನ್ನು ತಕರಾರು.

"ಖಾಕಿ ಕಳಚಿ ಖಾದಿ ತೊಟ್ಟರು" ಎಂಬ ಮಾತು ನಾಲ್ಕು ಸಲ ಬಂದಿದೆ. ಪ್ರಾಸದ ಆಸೆಗೆ ನಾವೆಲ್ಲ ತಲೆಬರಹಕ್ಕೆ ಹಾಕಿ ಹಾಕಿ ಸವೆಸಿದ ಮಾತು. ಸವೆದಿದೆ ಅಂತ ಸಿಟ್ಟಲ್ಲ. ವಿಚಾರಿಸಿ ಬರೆಯಬೇಕಾದ ಕಡೆಯೆಲ್ಲ ನೀವು ಅದನ್ನು ಮುಚ್ಚಳ ಮಾಡಿಕೊಂಡಿದ್ದೀರಿ.

ಎರಡನೇ ಪುಟ: "ಹುದ್ದೆಗೆ ರಾಜೀನಾಮೆ ಬಿಸಾಕಿ, ಖಾಕಿ ಕಳಚಿ..." ಅವರು ರಾಜೀನಾಮೆ ಕೊಡಲಿಲ್ಲ, ಸ್ವಯಂ ನಿವೃತ್ತಿ ಕೇಳಿದರು. ರಾಜೀನಾಮೆ ಕೊಟ್ಟ ಐಪಿಎಸ್ ಅಧಿಕಾರಿಗೆ ಪಿಂಚಣಿ ಇಲ್ಲ. ಸ್ವಯಂ ನಿವೃತ್ತರಿಗೆ ಉಂಟು. ಬೆಂಗಳೂರು ದಕ್ಷಿಣ ಡಿಸಿಪಿ ಆಗಿದ್ದ ಅಣ್ಣಾಮಲೈ 2019ರಲ್ಲಿ ಕೊಟ್ಟದ್ದು ರಾಜೀನಾಮೆ. 2011ರ ಐಪಿಎಸ್ ತಂಡದವರು (ಬ್ಯಾಚ್), 20 ವರ್ಷ ಸೇವೆ ತುಂಬದೆ ಸ್ವಯಂ ನಿವೃತ್ತಿಯ ದಾರಿ ಅವರಿಗಿರಲಿಲ್ಲ. ಅರುಣ್ 1994ರ ತಂಡ, ವಯಸ್ಸು 50 ದಾಟಿತ್ತು, ಆ ದಾರಿ ಅವರಿಗೆ ತೆರೆದಿತ್ತು. ಇಬ್ಬರಿಗೂ ಒಂದೇ ಕ್ರಿಯಾಪದ ಹಾಕಿದರೆ ಒಬ್ಬರು ಬಿಟ್ಟುಕೊಟ್ಟದ್ದು, ಇನ್ನೊಬ್ಬರು ಉಳಿಸಿಕೊಂಡದ್ದು ಎರಡೂ ಮಾಯ.

ಮುಂದಿನ ಸಾಲು: "ಕೆಲವೇ ದಿನಗಳಲ್ಲಿ ಪಕ್ಷ ಸೇರಿದರು." ಎಷ್ಟು ದಿನ ಸ್ವಾಮಿ? 2022ರ ಜನವರಿ 8ಕ್ಕೆ ಚುನಾವಣಾ ವೇಳಾಪಟ್ಟಿ ಪ್ರಕಟವಾಯಿತು. ನಿವೃತ್ತಿ ಕೇಳಿದ್ದನ್ನು ಅವರು ತಿಳಿಸಿದ್ದೂ ಅದೇ ದಿನ. 16ಕ್ಕೆ ಬಿಜೆಪಿ. ನಿಯಮದ ಪ್ರಕಾರ ಸ್ವಯಂ ನಿವೃತ್ತಿಗೆ ಮೂರು ತಿಂಗಳ ನೋಟಿಸ್ ಕೊಡಬೇಕು. ಸೇವೆಯಲ್ಲಿ ಇರುವಷ್ಟು ಕಾಲ ಪಕ್ಷದ ಸದಸ್ಯರಾಗುವ ಹಾಗಿಲ್ಲ. ಮೂರು ತಿಂಗಳು ಎಂಟು ದಿನಕ್ಕೆ ಇಳಿಯಬೇಕಾದರೆ ಸರ್ಕಾರ ನೋಟಿಸ್ ಅವಧಿಯನ್ನು ಸಡಿಲಿಸಿರಲೇಬೇಕು. ಆ ಆದೇಶದ ತಾರೀಖು ಹುಡುಕಿ. ನಿವೃತ್ತ ಅಧಿಕಾರಿ ಖಾಸಗಿ ಕಂಪನಿ ಸೇರಲು ಒಂದು ವರ್ಷ ಕಾಯಬೇಕು, ಇಲ್ಲವೇ ಅನುಮತಿ ತರಬೇಕು. ಚುನಾವಣೆಗೆ ನಿಲ್ಲಲು ಅಂಥ ತಡೆಯೇ ಇಲ್ಲ. ನಿಮ್ಮ ಲೇಖನದ ವಿಷಯ ಇದೇ ಆಗಬೇಕಿತ್ತು.

ನಾಮಪತ್ರದ ಬಗ್ಗೆ ಒಂದಕ್ಷರವೂ ಇಲ್ಲ. ಸರ್ಕಾರಿ ಹುದ್ದೆಯಲ್ಲಿ ಇರುವವರು ಸಂವಿಧಾನದ 191ನೇ ವಿಧಿಯಡಿ ಅನರ್ಹರು. ಆ ಅನರ್ಹತೆಯನ್ನು ಚುನಾವಣಾಧಿಕಾರಿ ನೋಡುವುದು ನಾಮಪತ್ರ ಪರಿಶೀಲನೆಯ ದಿನಕ್ಕೆ, ಮತದಾನದ ದಿನಕ್ಕಲ್ಲ. ಅಷ್ಟರೊಳಗೆ ನಿವೃತ್ತಿಯ ಅಂಗೀಕಾರ ಕೈಸೇರದಿದ್ದರೆ ಟಿಕೆಟ್ ಇದ್ದೂ ವ್ಯರ್ಥ. ನಾನು ಡೆಸ್ಕಿಗೆ ಹೊಸಬನಾಗಿದ್ದಾಗ ಹಿರಿಯರು ಇಂಥ ಸುದ್ದಿಗೆ ಮೂರು ಕಾಗದ ಕೇಳುತ್ತಿದ್ದರು: ಅರ್ಜಿ, ಅಂಗೀಕಾರದ ಆದೇಶ, ನಾಮಪತ್ರದ ಜೊತೆಗಿನ ಪ್ರಮಾಣಪತ್ರ (ಅಫಿಡವಿಟ್). ಮೂರರಲ್ಲಿ ಒಂದು ಕಡಿಮೆಯಾದರೂ ಪ್ರತಿ ವಾಪಸ್. ಕೊನೆಯದು ಯಾರಿಗೂ ಸಿಗುತ್ತದೆ: ನಮೂನೆ 26, ಅದರಲ್ಲಿ ಐದು ವರ್ಷದ ಆದಾಯ, ಆಸ್ತಿ, ಸಾಲ, ಮೊಕದ್ದಮೆ ಎಲ್ಲ ಇರುತ್ತವೆ. ನೀವು ಅದನ್ನು ತೆರೆದು ನೋಡಿದ ಗುರುತು ಎಲ್ಲೂ ಕಾಣಲಿಲ್ಲ.

ಇನ್ನೊಂದು, ಆರನೇ ಪುಟ: "ಶಾಸಕರಾದ ಮೇಲೂ ಎಸ್ಪಿಗೆ ಆದೇಶ ನೀಡುವ ಗತ್ತು ಹೋಗಲಿಲ್ಲ." ಯಾವ ಆದೇಶ? ಕಾನ್ಪುರ 2021ರ ಮಾರ್ಚ್‌ನಲ್ಲಿ ಕಮಿಷನರೇಟ್ ಆಯಿತು. ಅಲ್ಲಿಯವರೆಗೆ ಜಿಲ್ಲಾಧಿಕಾರಿಯ ಕೈಯಲ್ಲಿದ್ದ 144ನೇ ಸೆಕ್ಷನ್‌ನ ನಿಷೇಧಾಜ್ಞೆ ಕಮಿಷನರ್ ಸಹಿಗೆ ಬಂತು. ಶಾಸಕರ ಸಹಿಗೆ ಆ ಬಲವಿಲ್ಲ. ಅವರು ಎಸ್ಪಿಗೆ ಪತ್ರ ಬರೆಯಬಹುದು, ಸದನದಲ್ಲಿ ಪ್ರಶ್ನೆ ಕೇಳಬಹುದು. ಮಂತ್ರಿಯಾದ ಮೇಲೆ ಅವರಿಗೆ ಸಿಕ್ಕದ್ದು ಸಮಾಜ ಕಲ್ಯಾಣ: ವಿದ್ಯಾರ್ಥಿವೇತನ, ವೃದ್ಧಾಪ್ಯ ಪಿಂಚಣಿ, ಸಾಮೂಹಿಕ ವಿವಾಹ. ಗೃಹ ಖಾತೆ ಮುಖ್ಯಮಂತ್ರಿ ಬಳಿಯೇ ಇತ್ತು. ಲಾಠಿಯಿಂದ ಪಿಂಚಣಿ ಪಟ್ಟಿಗೆ ಬಂದ ಮನುಷ್ಯ ದಿನವಿಡೀ ಏನು ಮಾಡುತ್ತಾರೆ ಎಂದು ಬರೆಯುವ ಬದಲು ಗತ್ತು ಬರೆದಿದ್ದೀರಿ.

ಅದೇ ಪುಟದಲ್ಲಿ "ನಮ್ಮ ಸಾಂಗ್ಲಿಯಾನ ಅವರಂತೆ ಶಾಸಕರಾದರು" ಎಂದಿದೆ. ಸಾಂಗ್ಲಿಯಾನ 2004ರಲ್ಲಿ ಬೆಂಗಳೂರು ಉತ್ತರದಿಂದ ಹೋದದ್ದು ಲೋಕಸಭೆಗೆ. ಬೆಂಗಳೂರಿನ ಓದುಗರು ಇದನ್ನು ನೋಡಿದರೆ ಅಲ್ಲಿಗೇ ಪುಟ ಮಗುಚುತ್ತಾರೆ.

ಕನೌಜ್ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ ಎಂಬುದೂ, ಅಲ್ಲಿ ಮೂರು ಸಲ ಗೆದ್ದಿದ್ದ ಸಮಾಜವಾದಿ ಪಕ್ಷದ ಅನಿಲ್ ದೋಹ್ರೆ ಅವರನ್ನು ಅರುಣ್ ಸುಮಾರು 6 ಸಾವಿರ ಮತಗಳಿಂದ ಸೋಲಿಸಿದರು ಎಂಬುದೂ ಸೇರಲಿ. "ಭರ್ಜರಿ ಜಯ" ತೆಗೆಯಿರಿ.

ತಿದ್ದಿ ಕಳಿಸಿ. ಆ ಎಂಟು ದಿನಕ್ಕೆ ಎರಡು ಪುಟ ಕೊಡುತ್ತೇನೆ. ಬಾಲ್ಯದ ಮೂರು ಪುಟ ಬೇಡ.