ಕೇಸ್ ಕೊಟ್ಟಾವ್ನೇ ವಾಪಸ್ ತಗೊಳ್ತೀನಂದ್ರೂ ಯಾಕ ಆಗವಲ್ದು?

ಪ್ರಶ್ನೆ: ನಮಸ್ಕಾರ್ರಿ ಸರ್. ನಮ್ದು ಮುಧೋಳ ತಾಲೂಕು. ಹೋದ ವರ್ಷ ಹೊಲದ ಒಡ್ಡಿನ ಸಲುವಾಗಿ ನಮ್ಮ ಅಣ್ಣಗೂ ನನಗೂ ಜಗಳಾಗಿ, ಸಿಟ್ಟಿನ್ಯಾಗ ಕೈಯಾಗಿದ್ದ ಕುಡಗೋಲ ಬೀಸಿದ್ನಿ, ಅವನ ಮುಂಗೈಗೆ ಪೆಟ್ಟಾತು, ಕಂಪ್ಲೇಂಟ್ ಕೊಟ್ಟ. ಚಾರ್ಜ್‌ಶೀಟ್‌ನ್ಯಾಗ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 115(2), 118(1), 126(2), 352, 351(2) ಹಾಕ್ಯಾರ. ಈಗ ಹಿರಿಯಾರು ಕೂಡಿಸಿ ರಾಜಿ ಮಾಡ್ಯಾರ. ಅಣ್ಣನೇ ಸ್ಟೇಷನ್‌ಗೆ ಹೋಗಿ ಕೇಸ್ ಬ್ಯಾಡಂತ ಬರಕೊಟ್ರ ನಮ್ಮ ಕೈಯಾಗಿಲ್ಲ ಅಂದ್ರು. ಕೊಟ್ಟಾವ್ನೇ ಬ್ಯಾಡಂದ ಮ್ಯಾಲೆ ಮುಗಿಬೇಕಲ್ರಿ?

ಉತ್ತರ: ಮೊದ್ಲ ಅಣ್ಣ ತಮ್ಮ ಒಂದಾಗೀರಲ್ಲ, ಭಾಳ ಛಲೋ ಆತು. ಆದ್ರ ಸ್ಟೇಷನ್‌ನ್ಯಾಗ ಹೇಳಿದ್ದು ಖರೇನ ಐತ್ರಿ. ನಿಮ್ಮ ಚಾರ್ಜ್‌ಶೀಟ್ ತಗದು ಮೊದಲ್ನೇ ಪುಟ ನೋಡ್ರಿ, ನಿಮ್ಮ ವಿರುದ್ಧ ಇರೋದು ನಿಮ್ಮ ಅಣ್ಣ ಅಲ್ಲ, ಕರ್ನಾಟಕ ಸರ್ಕಾರ, ಅದೂ ಪೊಲೀಸ್ ಠಾಣೆ ಮುಖಾಂತರ. ಅಣ್ಣನ ಹೆಸರು ಹಿಂದ ಸಾಕ್ಷಿ ಪಟ್ಟಿಯೊಳಗ ಇರ್ತೈತಿ. ಕಂಪ್ಲೇಂಟ್ ಕೊಟ್ಟಾವ ಕೇಸಿನ ಮಾಲೀಕ ಅಲ್ಲ ಅನ್ನೋದು ಮಂದಿಗೆ ತಿಳಿಯೂದ ಇಲ್ಲ, ನೂರು ರೂಪಾಯಿ ಬಾಂಡ್ ಮ್ಯಾಲೆ ರಾಜಿಪತ್ರ ಬರಸಿ ಕೇಸ್ ಮುಗೀತಂತ ಕುಂತಬಿಡ್ತಾರ.

ಹಂಗಂತ ದಾರಿ ಇಲ್ಲಂತಲ್ಲ. ಬಿಎನ್‌ಎಸ್‌ಎಸ್ (ಕೇಸ್ ಹೆಂಗ ನಡಸಬೇಕಂತ ಹೇಳೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 359ನೇ ಕಲಂನ್ಯಾಗ ಯಾವ್ಯಾವ ಅಪರಾಧಕ್ಕ ರಾಜಿ ಆಗ್ಬಹುದು, ಯಾರು ಮಾಡ್ಕೋಬೇಕು ಅಂತ ಪಟ್ಟಿನ ಐತಿ (ಹಳೇ ಕಾನೂನಿನ್ಯಾಗ ಇದು 320 ಇತ್ತು, 2024ರ ಜುಲೈ 1ರಿಂದ ನಂಬರ್ ಬದಲಾಗ್ಯಾವು). ನಿಮ್ಮ ಕೇಸಿನ್ಯಾಗ ಅಡ್ಡಗಟ್ಟಿದ್ದು, ಸಾದಾ ಪೆಟ್ಟು, ಬೈದಿದ್ದು, ಬೆದರಿಸಿದ್ದು ಈ ನಾಕೂ ಆ ಪಟ್ಟಿಯೊಳಗ ಅದಾವು, ಪೆಟ್ಟು ತಿಂದಾವ ಜಡ್ಜ್ ಮುಂದ ಬಂದು ರಾಜಿ ಆಗೇವ್ರಿ ಅಂದು ಸಹಿ ಮಾಡಿದ್ರ ಅಲ್ಲಿಗೇ ಖುಲಾಸೆ, ಲೋಕ ಅದಾಲತ್‌ನ್ಯಾಗೂ ಮುಗಸ್ಬಹುದು. ಜಗಳ ಬಿಡಿಸಾಕ ಬಂದ ವೈನಿಗೂ ಪೆಟ್ಟಾಗೇತಿ ಅಂತ ಚಾರ್ಜ್‌ಶೀಟ್‌ನ್ಯಾಗ ಇದ್ರ ಮಾತ್ರ ಆಕೀನೂ ಬರಬೇಕು, ಅಣ್ಣ ಒಬ್ಬಾವ್ನೇ ಸಾಲಂಗಿಲ್ಲ.

ಗಂಟು ಬಿದ್ದಿರೋದು 118(1)ಕ್ಕ. ಕುಡಗೋಲ ಅಂದ್ರ ಕೊಯ್ಯೋ ಹತಾರ, ಹತಾರದಿಂದ ಪೆಟ್ಟು ಅಂತ ಬಂದ್ರ ಆ ಕಲಂ ರಾಜಿ ಪಟ್ಟಿಯೊಳಗ ಇಲ್ಲ, ಇದೊಂದ ಕಲಂ ಉಳದ್ರೂ ಕೇಸ್ ನಡೀತೈತಿ. ಅದ್ಕ ನಿಮ್ಮ ವಕೀಲ್ರ ಮುಂದ ಆಸ್ಪತ್ರೆ ಗಾಯದ ಸರ್ಟಿಫಿಕೇಟ್ ಇಟ್ಟು ಒಂದ್ಸಲ ಓದಸ್ರಿ. ಗಾಯ ಮೊಂಡ ವಸ್ತುವಿನಿಂದ ಆಗಿದ್ದು ಅಂತ ಡಾಕ್ಟರ್ ಬರದಿದ್ರ, ಚಾರ್ಜ್ ಫ್ರೇಮ್ ಆಗೋ (ಕೋರ್ಟ್ ಆರೋಪ ಹೊರಿಸೋ) ಮುಂಚೆನ 118(1) ಹತ್ತಂಗಿಲ್ಲ ಅಂತ ವಾದ ಮಾಡಾಕ ಜಾಗ ಐತಿ, ಅದು ಬಿದ್ರ ಉಳಿದದ್ದು ನಿಮ್ಮ ತಾಲೂಕಿನ ಕೋರ್ಟಿನ್ಯಾಗ ರಾಜಿ ಆಗ್ತೈತಿ.

ಬೀಳ್ಲಿಲ್ಲಾ? ಧಾರವಾಡ ಹೈಕೋರ್ಟ್ ಪೀಠಕ್ಕ ಹೋಗಬೇಕು. ಬಾಗಲಕೋಟೆ, ಬೆಳಗಾವಿ ಎರಡೂ ಧಾರವಾಡಕ್ಕ ಬರ್ತಾವು, ವಿಜಯಪುರದಾವ್ರು ಕಲಬುರಗಿ ಪೀಠಕ್ಕ ಹೋಗಬೇಕು. ಬಿಎನ್‌ಎಸ್‌ಎಸ್ 528ನೇ ಕಲಂ ಕೆಳಗ ಕೇಸ್ ರದ್ದು ಮಾಡ್ರಿ ಅಂತ ನೀವು ಅರ್ಜಿ ಹಾಕಬೇಕು, ನಿಮ್ಮ ಅಣ್ಣ ನಂದೇನು ತಕರಾರಿಲ್ಲ ಅಂತ ಅಫಿಡವಿಟ್ ಕೊಡಬೇಕು, ಆ ಬಾಂಡ್ ಪೇಪರ್ ರಾಜಿಪತ್ರ ಇಲ್ಲಿ ಉಪಯೋಗಕ್ಕ ಬರ್ತೈತಿ. ಪಟ್ಟಿಯೊಳಗ ಇಲ್ಲದ ಕೇಸನ್ನೂ ಹೈಕೋರ್ಟ್ ರದ್ದು ಮಾಡ್ಬಹುದು ಅಂತ ಗ್ಯಾನ್ ಸಿಂಗ್ ಕೇಸಿನ್ಯಾಗ 2012ರಾಗ ಸುಪ್ರೀಂ ಕೋರ್ಟ್ ಹೇಳೇತಿ, ಮನೆತನದ ಜಗಳಕ್ಕ ಅದು ಭಾಳ ಆಧಾರ. ಕೊಲೆ, ಅತ್ಯಾಚಾರದಂಥಾದ್ದಕ್ಕ ಈ ದಾರಿ ಇಲ್ಲ, ಇರಬಾರ್ದು ಕೂಡ.

ಸರ್ಕಾರ ಕೇಸ್ ವಾಪಸ್ ತಗೊಂತು ಅಂತ ಪೇಪರ್‌ನ್ಯಾಗ ಓದಿರ್ತೀರಿ, ಅದು ಬಿಎನ್‌ಎಸ್‌ಎಸ್ 360ನೇ ಕಲಂ, ಬ್ಯಾರೆ ವಿಷಯ. ಅಲ್ಲಿ ಅರ್ಜಿ ಹಾಕೋರು ಸರ್ಕಾರಿ ವಕೀಲ್ರು, ಒಪ್ಪಬೇಕಾದದ್ದು ಕೋರ್ಟು, ಈಗ ನೊಂದಾವ್ರ ಮಾತು ಕೇಳದ ಒಪ್ಪಾಕ ಬರಂಗಿಲ್ಲ. 2015ರಾಗ ಕೇರಳ ವಿಧಾನಸಭೆಯೊಳಗ ಶಾಸಕರು ಮೈಕು, ಕುರ್ಚಿ ಒಡದ ಕೇಸ್ ವಾಪಸ್ ತಗೋತೀವಂದ್ರೂ 2021ರಾಗ ಸುಪ್ರೀಂ ಕೋರ್ಟ್ ಬಿಡ್ಲಿಲ್ಲ.

ಒಂದು ಮಾತು ಕೈಮುಗದು ಹೇಳ್ತೀನ್ರಿ. ಕೋರ್ಟ್ ಪಡಸಾಲ್ಯಾಗ ಅಣ್ಣ ತಮ್ಮ ಒಂದೇ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿಂದು, ಹೆಸರು ಕೂಗಿದ ಕೂಡ್ಲೇ ಒಬ್ಬಾವ ಕಟಕಟೆಗೆ ಒಬ್ಬಾವ ಸಾಕ್ಷಿಗೆ ಹೋಗೂದನ್ನ ನಾ ನೋಡೇನಿ. ಆವಾಗ ಯಾರಾದ್ರೂ ಬಂದು ನಿಮ್ಮ ಅಣ್ಣಗ ಏನೂ ಆಗೇ ಇಲ್ಲಂತ ಹೇಳಸ್ರಿ, ಮುಗದಹೋಗ್ತೈತಿ ಅಂತ ಕಿವಿ ಊದ್ತಾರ. ಹಂಗ ಮಾಡಬ್ಯಾಡ್ರಿ. ಪ್ರಮಾಣ ಮಾಡಿ ಸುಳ್ಳು ಹೇಳಿದ್ರ ಏಳು ವರ್ಷದ ತನಕ ಶಿಕ್ಷೆ ಐತಿ, ನಿಮಗ ಸಹಾಯ ಮಾಡಾಕ ಬಂದ ಅಣ್ಣನೇ ಆರೋಪಿ ಆಗಬಾರ್ದು.

ಧಾರವಾಡದ ಆರ್ಡರ್ ಕೈಗೆ ಬರೂತನಕ ಇಲ್ಲಿಯ ಒಂದು ತಾರೀಖೂ ತಪ್ಪಿಸಬ್ಯಾಡ್ರಿ. ರಾಜಿ ಆಗೇತಲ್ಲ ಅಂತ ಕಬ್ಬು ಕಡಿಯಾಕ ಹೋದ್ರ ವಾರಂಟ್ ಬಂದು ಪೊಲೀಸ್ರು ಹೊಲಕ್ಕ ಬರ್ತಾರ.