ಬ್ಯಾಕಪ್ ಕಡಿಮೆಯಾದ ಇನ್ವರ್ಟರ್ ಬ್ಯಾಟರಿಗೆ ಆಸಿಡ್ ಬದಲಿಸಬಹುದೇ?

ನಿಮ್ಮ 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಟ್ಯೂಬುಲರ್ ಬ್ಯಾಟರಿ ಎರಡೇ ವರ್ಷಕ್ಕೆ ಸೊರಗಿದೆ, ರಿಪೇರಿಯವರು ಆಸಿಡ್ ಬದಲಿಸೋಣ ಎನ್ನುತ್ತಿದ್ದಾರೆ, ಒಪ್ಪಬಹುದೇ, ಓವರ್‌ಚಾರ್ಜ್ ಆಗದಂತೆ ರಾತ್ರಿ ಇನ್ವರ್ಟರಿನ ಪ್ಲಗ್ ತೆಗೆದಿಡಬೇಕೇ ಎಂದು ಕೇಳಿದ್ದೀರಿ. ಎರಡೂ ಬೇಡ ಎಂಬುದೇ ನನ್ನ ಉತ್ತರ.

ಬ್ಯಾಟರಿ ಕರೆಂಟ್ ಕೊಡುತ್ತಿರುವಾಗ ಗಂಧಕಾಮ್ಲದ ಸಲ್ಫೇಟ್ ಅಂಶವು ಪ್ಲೇಟುಗಳ ಸೀಸದೊಂದಿಗೆ ಸೇರಿ ಲೆಡ್ ಸಲ್ಫೇಟ್ ಆಗುತ್ತದೆ, ಉಳಿದ ದ್ರವ ನೀರಾಗುತ್ತ ಹೋಗುತ್ತದೆ. ಚಾರ್ಜ್ ಮಾಡಿದಾಗ ಅದೇ ಸಲ್ಫೇಟ್ ಮತ್ತೆ ಆಮ್ಲವಾಗಿ ದ್ರವಕ್ಕೆ ಮರಳುತ್ತದೆ. ಆದ್ದರಿಂದ, ಹೊರಗೆ ಚೆಲ್ಲಿರದಿದ್ದರೆ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಅಂಕಿ ಇಳಿದಿದೆ ಎಂದರೆ ಆಮ್ಲ ಪ್ಲೇಟಿನೊಳಗೆ ಕುಳಿತಿದೆ ಎಂದರ್ಥ. ಪೂರ್ತಿ ಚಾರ್ಜ್ ಆಗದೆ ವಾರಗಟ್ಟಲೆ ಹಾಗೆಯೇ ಉಳಿದರೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಕರಗುವುದು ಕಷ್ಟ. ಈ ಸ್ಥಿತಿಯಲ್ಲಿ ಹೊಸ ಆಸಿಡ್ ಸುರಿದರೆ ಅಂಕಿಯೇನೋ ಏರುತ್ತದೆ, ಆದರೆ ಬ್ಯಾಕಪ್ ಏರುವುದಿಲ್ಲ. ಗಾಢವಾದ ಆಮ್ಲ ಪ್ಲೇಟುಗಳನ್ನು ಇನ್ನೂ ಬೇಗ ತಿನ್ನುತ್ತದೆ. ನಮ್ಮ ಮನೆಗಳಲ್ಲಿ ಬ್ಯಾಟರಿಗಳು ಓವರ್‌ಚಾರ್ಜ್‌ನಿಂದ ಹಾಳಾಗುವುದಕ್ಕಿಂತ ಅರೆಬರೆ ಚಾರ್ಜ್‌ನಿಂದ ಹಾಳಾಗುವುದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಮೊದಲು ಇನ್ವರ್ಟರಿನ ಹಿಂಭಾಗ ನೋಡಿ. ಅನೇಕ ಮಾದರಿಗಳಲ್ಲಿ ಬ್ಯಾಟರಿಯ ಬಗೆಯನ್ನು ಆರಿಸುವ ಸಣ್ಣ ಸ್ವಿಚ್ ಇರುತ್ತದೆ. ಅದು ಟ್ಯೂಬುಲರ್ ಬದಲು ಎಸ್‌ಎಂಎಫ್ (ನೀರು ಹಾಕಬೇಕಿಲ್ಲದ, ಮುಚ್ಚಿದ ಬಗೆಯ ಬ್ಯಾಟರಿ) ಕಡೆ ಇದ್ದರೆ ವೋಲ್ಟೇಜ್ ಸಾಲದೆ ಬ್ಯಾಟರಿ ಎಂದಿಗೂ ಪೂರ್ತಿ ತುಂಬದಿರಬಹುದು. ಚಾರ್ಜಿಂಗ್ ಕರೆಂಟ್ ಸಾಮರ್ಥ್ಯದ ಹತ್ತನೇ ಒಂದು ಭಾಗ, ಅಂದರೆ ನಿಮ್ಮದಕ್ಕೆ ಸುಮಾರು 15 ಆಂಪಿಯರ್ ಇರಬೇಕು. ವೋಲ್ಟೇಜ್ 14.4ರ ಆಸುಪಾಸಿಗೆ ಏರಿ, ತುಂಬಿದ ಮೇಲೆ 13.5ರಿಂದ 13.8ಕ್ಕೆ ಇಳಿದು ನಿಲ್ಲಬೇಕು. ಸರಿಯಾದ ಇನ್ವರ್ಟರ್ ಇದನ್ನು ತಾನೇ ನೋಡಿಕೊಳ್ಳುವುದರಿಂದ ಪ್ಲಗ್ ತೆಗೆಯುವ ಅಗತ್ಯವೇ ಇಲ್ಲ. ಬರಿದಾದ ಬ್ಯಾಟರಿ ತುಂಬಲು ಹತ್ತು ಹನ್ನೆರಡು ಗಂಟೆಯಾದರೂ ಬೇಕು. ಲೋಡ್‌ಶೆಡ್ಡಿಂಗ್ ಹೆಚ್ಚಿರುವ ಊರಿನಲ್ಲಿ ರಾತ್ರಿಯ ಚಾರ್ಜಿಂಗನ್ನೂ ತಪ್ಪಿಸಿದರೆ ಅದು ತುಂಬುವುದು ಯಾವಾಗ?

ಹೀಗೆ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಲೋಡ್ ಹಾಕದೆ ಬಿಟ್ಟು, ಆರೂ ಸೆಲ್ಲುಗಳನ್ನು ಒಂದೊಂದಾಗಿ ಅಳೆಯಿರಿ. ಹೈಡ್ರೋಮೀಟರಿನ ರಬ್ಬರ್ ಬುರುಡೆ ಒತ್ತಿ ದ್ರವ ಎಳೆದುಕೊಂಡಾಗ ಒಳಗಿನ ತೇಲು ಗಾಜಿನ ಗೋಡೆಗೆ ಅಂಟಿರಬಾರದು. ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ದ್ರವವನ್ನು ಅದೇ ಸೆಲ್ಲಿಗೆ ಮರಳಿಸಿ. ಟ್ಯೂಬುಲರ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 1240ರ ಸುತ್ತಮುತ್ತ ಬರಬೇಕು. ಐದು ಸೆಲ್ಲು ಸರಿಯಿದ್ದು ಒಂದು ಮಾತ್ರ 1150ರಲ್ಲೇ ನಿಂತರೆ ಆ ಸೆಲ್ಲು ಕೆಟ್ಟಿದೆ, ಆರೈಕೆಯಿಂದ ಪ್ರಯೋಜನವಿಲ್ಲ. ಆರೂ ಒಂದೇ ಸಮನಾಗಿ ಕಡಿಮೆಯಿದ್ದರೆ ಇನ್ನೂ ಒಂದೆರಡು ದಿನ ಚಾರ್ಜಿನಲ್ಲಿಟ್ಟು ಮತ್ತೆ ಅಳೆಯಿರಿ. ಸಲ್ಫೇಟ್ ಪೂರ್ತಿ ಗಟ್ಟಿಯಾಗಿರದಿದ್ದರೆ ಒಂದಿಷ್ಟು ಚೇತರಿಕೆ ಸಾಧ್ಯ.

ಬ್ಯಾಟರಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಹಾಗಾಗಿ ಹಾಕಬೇಕಾದ್ದೂ ಡಿಸ್ಟಿಲ್ಡ್ ವಾಟರ್ ಮಾತ್ರ. ಆರ್‌ಒ ನೀರಿನಲ್ಲಿ ಲವಣಗಳು ಉಳಿದಿರುತ್ತವೆ, ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಧೂಳು ಮತ್ತು ಲೋಹದ ಅಂಶ ಸೇರಿರಬಹುದು. ಎಷ್ಟೇ ಜನ ಹೇಳಿದರೂ ಇವೆರಡನ್ನೂ ಹಾಕಬೇಡಿ. ಚಾರ್ಜ್ ಮುಗಿದ ಮೇಲೆ ಸೂಚಕದ ಗುರುತಿನವರೆಗೆ ತುಂಬಿಸಿ. ಪ್ಲೇಟುಗಳು ಬಯಲಾಗಿದ್ದರೆ ಮಾತ್ರ, ಅವು ಮುಳುಗುವಷ್ಟು ನೀರನ್ನು ಚಾರ್ಜಿಗೆ ಮೊದಲೇ ಹಾಕಿ.

ಟರ್ಮಿನಲ್ ಮೇಲೆ ಹಿಡಿದ ಬಿಳಿಹುಡಿಯನ್ನು ಸಂಪರ್ಕ ತಪ್ಪಿಸಿ, ಮುಚ್ಚಳಗಳನ್ನು ಹಾಕಿಟ್ಟು, ಅಡುಗೆ ಸೋಡಾದ ನೀರಿನಿಂದ ಒರೆಸಿ, ಒಣಗಿಸಿ ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಗಾಳಿಯಾಡುವ ಜಾಗ ಬೇಕು. ಮೆಟ್ಟಿಲ ಕೆಳಗೆ, ದೇವರ ಮನೆಗೆ ಹೊಂದಿಕೊಂಡು ಇನ್ವರ್ಟರ್ ಇಡುವ ರೂಢಿ ನಮ್ಮಲ್ಲಿದೆ. ದೀಪ, ಊದುಬತ್ತಿ ಹಚ್ಚುವ ಕಡೆ ಖಂಡಿತ ಬೇಡ.

ಇಷ್ಟು ಮಾಡುವ ಮೊದಲು ವಾರಂಟಿ ಕಾರ್ಡ್ ಹುಡುಕಿ ತೆಗೆಯಿರಿ. ಎರಡು ವರ್ಷವಷ್ಟೇ ಆಗಿರುವುದರಿಂದ ಅವಧಿ ಇನ್ನೂ ಇರಬಹುದು, ಹೊರಗಿನವರು ಆಸಿಡ್ ಮುಟ್ಟಿದ ಬ್ಯಾಟರಿಯನ್ನು ಕಂಪನಿಯವರು ಸಾಮಾನ್ಯವಾಗಿ ಒಪ್ಪುವುದಿಲ್ಲ.