ಯಾವ ಸಾಫ್ಟ್‌ವೇರ್ ಕಲಿಸಬೇಕು?

ನಿಮ್ಮ ವಿಭಾಗದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಸ್ಮಾರ್ಟ್‌ಬೋರ್ಡ್, ವಿಡಿಯೊ, ಆನ್‌ಲೈನ್ ಕ್ವಿಜ್ ಎಲ್ಲದರ ತರಬೇತಿ ಕೊಡಿಸಿದಿರಿ. ಆದರೂ ಅವರು ತರಗತಿಗೆ ಹೋಗಿ ಸ್ಲೈಡ್ ಓದಿ ಬರುತ್ತಾರೆ ಎಂದು ಬೇಸರದಿಂದ ಬರೆದಿದ್ದೀರಿ. ಇನ್ನು ಯಾವ ಸಾಫ್ಟ್‌ವೇರ್ ಕಲಿಸಬೇಕು ಎಂಬುದು ನಿಮ್ಮ ಪ್ರಶ್ನೆ.

ಸದ್ಯಕ್ಕೆ ಹೊಸದೇನೂ ಬೇಡ. ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುವುದನ್ನು ಕಲಿಸಿ.

ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ಮಾಡುವ ಪ್ರಯೋಗಗಳು, ಉಚಿತವಾಗಿ ಸಿಗುತ್ತವೆ. ಅದರಲ್ಲಿ ಒಂದು ಬ್ಯಾಟರಿಗೆ ಒಂದೇ ಥರದ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ. ಸ್ವಿಚ್ ಹಾಕುವ ಮೊದಲೇ ಕೇಳಿ: ಯಾವುದು ಜಾಸ್ತಿ ಉರಿಯುತ್ತದೆ? ಮೊದಲನೆಯದು ಅಂತ ಎಷ್ಟೋ ಮಕ್ಕಳು ಹೇಳುತ್ತಾರೆ, ಕರೆಂಟು ಅಲ್ಲೇ ಸ್ವಲ್ಪ ಖರ್ಚಾಗುತ್ತದೆ ಎಂಬುದು ಅವರ ಲೆಕ್ಕ. ಮೊಬೈಲಿನಲ್ಲಿ ಉತ್ತರ ಒತ್ತಲಿ. ಪಕ್ಕದವರ ಉತ್ತರ ಕಾಣದ್ದರಿಂದ ಸಂಕೋಚ ಇರುವುದಿಲ್ಲ. ಅಭಿಪ್ರಾಯ ಇಬ್ಭಾಗವಾದರೆ ಅಕ್ಕಪಕ್ಕದವರು ವಾದ ಮಾಡಲಿ, ಮತ್ತೆ ಒತ್ತಲಿ. ಆಮೇಲೆ ಸ್ವಿಚ್ ಹಾಕಿ. ಎರಡೂ ಸಮನಾಗಿ ಉರಿಯುವುದನ್ನು ಆಗ ಅವರು ಕಣ್ಣರಳಿಸಿ ನೋಡುತ್ತಾರೆ. ಅದೇ ಸಿಮ್ಯುಲೇಶನ್ ಅನ್ನು ಸುಮ್ನೆ ತೋರಿಸಿದರೆ ಅದೂ ಒಂದು ಸ್ಲೈಡೇ ಅಲ್ವಾ?

ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಹೆಸರುವಾಸಿ ಮಾಡಿದ ಕ್ರಮ ಇದು. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2014ರ ವರದಿಯಲ್ಲಿ, ಬರೀ ಉಪನ್ಯಾಸದ ತರಗತಿಗಳಲ್ಲಿ ಸುಮಾರು ಶೇ. 34 ಮಂದಿ ಫೇಲಾಗಿದ್ದರೆ, ಹೀಗೆ ವಿದ್ಯಾರ್ಥಿಗಳನ್ನು ತೊಡಗಿಸಿದ ಕಡೆ ಶೇ. 22.

ಕಷ್ಟ ಇರುವುದು ಪ್ರಶ್ನೆ ಬರೆಯುವುದರಲ್ಲಿ. ಸಂಶೋಧನೆಯಲ್ಲಿ ಮುಳುಗಿದವರಿಗೆ ಹೊಸಬರು ಎಲ್ಲಿ ಎಡವುತ್ತಾರೆ ಎಂಬುದು ಮರೆತೇ ಹೋಗಿರುತ್ತದೆ. ಹಾಗಾಗಿ ಅವರು ಕೊಡುವ ತಪ್ಪು ಆಯ್ಕೆಗಳನ್ನು ಯಾರೂ ಆರಿಸುವುದಿಲ್ಲ. ಅವರನ್ನು ಮೊದಲು ಲ್ಯಾಬಿಗೆ ಕಳಿಸಿ, ಮೊದಲ ವರ್ಷದ ಮಕ್ಕಳು ತಮ್ಮತಮ್ಮಲ್ಲಿ ಆಡುವ ಮಾತನ್ನು ಕೇಳಿಸಿಕೊಂಡು ಬರಲಿ. ಒಳ್ಳೆಯ ತಪ್ಪು ಉತ್ತರಗಳು ಸಿಗುವುದು ಅಲ್ಲೇ. ನಂತರ ಗೆಳೆಯರ ಮುಂದೆ ಹತ್ತು ನಿಮಿಷದ ಪಾಠ ಮಾಡಲಿ. ಪ್ರಶ್ನೆ ಕೇಳಿದ ಮೇಲೆ ಬರುವ ಮೌನಕ್ಕೆ ಹೆದರಿ ಉತ್ತರವನ್ನು ತಾವೇ ಹೇಳಿಬಿಡುತ್ತಾರೆ. ಅದನ್ನು ಅಲ್ಲೇ ತಡೆಯಿರಿ.

ಇದರಿಂದ ಸಂಶೋಧನೆ ಹಿಂದೆ ಬೀಳುತ್ತದೆ ಎಂದು ಗೈಡ್‌ಗಳು ಗೊಣಗುತ್ತಾರೆ ಅಂದಿದ್ದೀರಿ. ಅವರನ್ನೇ ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂರಲು ಕರೆಯಿರಿ. ಪಾಠ ಮುಗಿದ ಮೇಲೆ ಆ ಯುವಕ ಯುವತಿಯರ ಜೊತೆ ಅರ್ಧ ಗಂಟೆ ಕೂತು, ಯಾವ ಪ್ರಶ್ನೆ ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂದು ಮಾತಾಡಲಿ. ಆ ಅರ್ಧ ಗಂಟೆಯನ್ನು ವೇಳಾಪಟ್ಟಿಯಲ್ಲೇ ಸೇರಿಸಿಬಿಡಿ.

— ಸಂಪಾದಕ